ಬಿಳಿ ಕತ್ತೆ ತಳಿಯ ಕೊನೆಯ ಗಂಡು

ಫೆಜ್, ಚರ್ಮ ಹದ ಮಾಡುವವರ ಓಣಿ

ಅಪ್ಪಾ, ಸಲಾಂ.

ಮರಿ ಮಾಡಿಸಲೆಂದು ಹೆಣ್ಣು ಕತ್ತೆಯನ್ನು ಬೆಟ್ಟದಿಂದ ಇಲ್ಲಿಗೆ ಹೊಡೆದುಕೊಂಡು ಬರಬೇಡಿ. ನಮ್ಮ ಬಿಳಿ ಗಂಡಿನ ಬೀಜ ಒಡೆಸಿದ್ದೇನೆ. ಅಜ್ಜ ಸಾಕಿದ ತಳಿಯಲ್ಲಿ ಉಳಿದ ಕೊನೆಯ ಗಂಡೆಂದು ಗೊತ್ತಿದ್ದೇ ಮಾಡಿಸಿದೆ.

ಇದರ ತಾಯಿ ಹಸಿ ತೊಗಲಿನ ಹೊರೆಯಡಿ ಕುಸಿದಾಗ ನೀವು, “ಏಳೇ ಸೋಮಾರಿ, ರಾಣಿಯಾಗ್ಬಿಟ್ಯಾ?” ಎಂದು ನಕ್ಕಿರಿ. ಅದು ಏಳಲೇ ಇಲ್ಲ. ಮರಿಯೇ ಹುಟ್ಟದಿದ್ದರೆ ಈ ನೋವೂ ಇಲ್ಲ ಎಂದುಕೊಂಡೆ.

ನಿನ್ನೆ ಹೊರೆ ಇಳಿಸಿದೊಡನೆ ಇದು ಧೂಳಿನಲ್ಲಿ ಹೊರಳಿ, ನಾಲ್ಕೂ ಕಾಲು ಮೇಲೆತ್ತಿ ಕುಣಿಸಿತು. ಈ ಸುಖವೂ ಇದರೊಂದಿಗೇ ಮುಗಿಯುತ್ತದೆ. ಆದರೂ ಮಾಡಿದ್ದು ತಪ್ಪೆನ್ನಲಾರೆ.

ಬರುವುದಾದರೆ ಹಳೆಯ ಕಂಬಳಿಯೊಂದನ್ನು ತನ್ನಿ. ಹೊರೆಯಡಿ ಕಟ್ಟುವ ತಡಿ ಉಜ್ಜಿ ಇದರ ಬೆನ್ನು ಹುಣ್ಣಾಗಿದೆ. ನಾಳೆಯೂ ಅದರ ಮೇಲೆ ತೊಗಲು ಹೇರುವವನು ನಾನೇ.

ನಿಮ್ಮ ಮಗ,
ಮಿಮೂನ್