ರೋಟರ್ ನಿನ್ನ ಹತ್ತಿರವೇ ಇರಲಿ

ದಾವಣಗೆರೆ
ಗುರುವಾರ, 24 ಏಪ್ರಿಲ್ 2025

ಗೆಳೆಯ ಮಾರಣ್ಣನಿಗೆ ಹುಸೇನ್ ಸಾಬನ ಸಲಾಂ.

ಗುತ್ತೂರಿನಲ್ಲಿ ನೀವೆಲ್ಲ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಮೈಲಮ್ಮ ಅತ್ತಿಗೆ ಕಳಿಸಿದ ನಿಂಬೆ ಉಪ್ಪಿನಕಾಯಿ ತಲುಪಿ ಎರಡು ತಿಂಗಳಾಯಿತು, ನಾನು ಒಂದು ಸಾಲೂ ಬರೆಯಲಿಲ್ಲ. ತಪ್ಪಾಯಿತು. ಇಂಗಿನ ಘಮಕ್ಕೇ ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದೇನೆ ಎಂದು ಅತ್ತಿಗೆಗೆ ಹೇಳು.

ಫೋನ್ ಮಾಡಿದರೆ ನಿನಗೆ ಕೇಳಿಸುವುದಿಲ್ಲ. ನಮ್ಮ ಅಂಗಡಿಯಲ್ಲಿ ಲಾರಿಗಳ ಡೀಸೆಲ್ ಪಂಪ್ ಟೆಸ್ಟ್ ಮಾಡುವ ಬೆಂಚಿನ ಪಕ್ಕ ಮೂವತ್ತು ವರ್ಷ ನಿಂತು ಕಿವಿ ಕಳಕೊಂಡವನು ನೀನು. ಮೊಬೈಲಿಗೆ ಬರೆದು ಹಾಕಿದರೆ ನಿನಗಿಂತ ಮೊದಲು ಮನೆಮಂದಿಯೆಲ್ಲ ಓದುತ್ತಾರೆ. ಅದಕ್ಕೇ ಕಾಗದ. ಒಬ್ಬನೇ ಕೂತು ಓದು. ನನಗೆ ಹೆದರಿಕೆಯಾಗಿದೆ ಮಾರಣ್ಣ.

ಎಂ.ಸಿ.ಸಿ. ಬಡಾವಣೆಯಲ್ಲಿ ಅಂಜನಕುಮಾರ ಅಂತ ಒಬ್ಬರು ಹಲ್ಲಿನ ಡಾಕ್ಟರಿದ್ದಾರೆ. ಅವರ ಹತ್ತಿರ ಐವತ್ತು ವರ್ಷ ಹಳೆಯ ವಿಲಾಯತಿ ಸ್ಪೋರ್ಟ್ಸ್ ಕಾರಿದೆ. ಎರಡೇ ಬಾಗಿಲು, ಮೇಲೆ ಛಾವಣಿ ಇಲ್ಲ, ಕೂತರೆ ಕುಂಡಿ ರಸ್ತೆಗೆ ತಾಗುತ್ತದೇನೋ ಅನ್ನುವಷ್ಟು ತಗ್ಗು. ಅದಕ್ಕೆ ಕಾರ್ಬುರೇಟರ್ ಇಲ್ಲ. ನಮ್ಮ ಲಾರಿಗಳ ಹಾಗೆಯೇ ಪಂಪು, ಪೈಪು, ಆರು ಸಿಲಿಂಡರಿಗೆ ಎಣ್ಣೆ ಚಿಮ್ಮಿಸುವ ಆರು ನಾಝಲ್. ಆದರೆ ಓಡುವುದು ಪೆಟ್ರೋಲಿನಲ್ಲಿ. ಕಂಪ್ಯೂಟರ್ ಹಚ್ಚಿ ನೋಡುವವರೆಲ್ಲ ಕೈ ಚೆಲ್ಲಿದ ಮೇಲೆ ಡಾಕ್ಟರು ನನ್ನ ಹತ್ತಿರ ಬಂದರು. “ಇದೂ ಪಂಪಿನ ಗಾಡಿನೇ ಅಂತಲ್ರಿ ಸಾಬ್ರೆ, ನಿಮ್ಮನ್ನ ಬಿಟ್ರೆ ಯಾರೂ ಮುಟ್ಟಂಗಿಲ್ಲ ಅಂದ್ರು,” ಎಂದರು. ಇಷ್ಟು ಹೊಗಳಿದ ಮೇಲೆ ನಾನು ಬಿಡುತ್ತೇನೆಯೆ? ಉಬ್ಬಿಹೋದೆ.

ನೀನು ಹೇಳಿಕೊಟ್ಟ ಹಾಗೆಯೇ ಶುರು ಮಾಡಿದೆ. “ಪಂಪ್ ಕಳ್ಳ ಅಲ್ಲಲೇ, ಮೊದ್ಲು ಸುತ್ತಮುತ್ತ ವಿಚಾರ್ಸು” ಅನ್ನುತ್ತಿದ್ದೆಯಲ್ಲ. ಗಾಡಿ ಕರಿ ಹೊಗೆ ಉಗುಳುತ್ತಿತ್ತು. ಎಂಜಿನ್ನಿನ ಗಾಳಿ ಎಳೆತ ನೋಡಿ ಎಷ್ಟು ಪೆಟ್ರೋಲ್ ಬಿಡಬೇಕೆಂದು ಅಳೆಯುವ ಒಂದು ಡಬ್ಬಿ ಇದೆ ಅದರಲ್ಲಿ. ಆ ಡಬ್ಬಿಗೆ ಹೋಗುವ ರಬ್ಬರ್ ಪೈಪು ಸೀಳಿತ್ತು. ಎಳೆತ ತಿಳಿಯದೆ ಅದು ಸುಮ್ಮನೆ ಸುರಿಯುತ್ತಿತ್ತು. ಪೈಪು ಬದಲಿಸಿದೆ, ಹೊಗೆ ಹೋಯಿತು. ಮಧ್ಯಾಹ್ನದ ಬಿಸಿಲಲ್ಲಿ ನಿಂತುಬಿಡುತ್ತಿದ್ದದ್ದು ಪಂಪ್ ಕಾದು ಒಳಗೆ ಪೆಟ್ರೋಲ್ ಆವಿಯಾಗುತ್ತಿದ್ದರಿಂದ. ಅದಕ್ಕೆ ಗಾಳಿ ತಾಗುವ ಹಾಗೆ ಮಾಡಿದೆ, ಅದೂ ಸರಿಹೋಯಿತು. ಕೊನೆಗೆ ಉಳಿದದ್ದು ಒಂದೇ: ಆರರಲ್ಲಿ ಒಂದು ಸಿಲಿಂಡರ್ ಕೆಲಸ ಮಾಡುತ್ತಿರಲಿಲ್ಲ. ಯಾವುದು ಅಂತ ಹುಡುಕಬೇಕಿತ್ತು.

ಸೋಮವಾರ ಡಾಕ್ಟರ ಮಗಳು ಕೀರ್ತನಾ ಅಂಗಡಿಗೆ ಬಂದಳು. ಇಂಜಿನಿಯರಿಂಗ್ ಓದುತ್ತಾಳೆ, ಗ್ರೀಸ್ ಮುಟ್ಟಲು ಹೇಸದ ಹುಡುಗಿ. ಬಂದವಳೇ ಮೂಗು ಮುಚ್ಚಿಕೊಂಡಳು. “ಅಂಕಲ್, ಪೆಟ್ರೋಲ್ ವಾಸ್ನೆ ಭಾಳ ಐತಲ್ರಿ?”

ನಾನೇನಂದೆ ಗೊತ್ತೆ? “ಗ್ಯಾರೇಜ್ನಾಗೆ ಮತ್ತೇನವ್ವ, ಮಲ್ಲಿಗಿ ವಾಸ್ನೆ ಬರ್ತೈತೇನು?” ಅಂದು ನಕ್ಕೆ. ಅವಳೂ ನಕ್ಕಳು. ಅವಳನ್ನೇ ಸೀಟಿನಲ್ಲಿ ಕೂರಿಸಿ ಗಾಡಿ ಸ್ಟಾರ್ಟ್ ಮಾಡಿಸಿ, ಎಕ್ಸಿಲೇಟರ್ ಸ್ವಲ್ಪ ಒತ್ತಿ ಹಿಡಿದುಕೊ ಅಂದೆ.

ಲಾರಿಯಲ್ಲಿ ನಾವೇನು ಮಾಡುತ್ತಿದ್ದೆವು ಹೇಳು. ಎಂಜಿನ್ ಓಡುತ್ತಿರುವಾಗಲೇ ನಾಝಲ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲ ಮಾಡುವುದು. ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗುವುದಿಲ್ಲವೋ ಅದೇ ಸತ್ತ ಸಿಲಿಂಡರು. ಡೀಸೆಲ್ ಕೈಮೇಲೆ ಸುರಿಯುತ್ತದೆ, ಒರೆಸಿಕೊಳ್ಳುತ್ತೇವೆ. ಪೆಟ್ರೋಲ್ ಗಾಡಿಯಲ್ಲಿ ಹಾಗೆ ಮಾಡಬಾರದು, ಪ್ಲಗ್ಗಿನ ವೈರ್ ತೆಗೆದು ನೋಡಬೇಕು. ನನಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಆದರೆ ಇದು ನಲವತ್ತು ವರ್ಷದಿಂದ ಅದನ್ನೇ ಮಾಡಿದ ಕೈ. ತಲೆಯನ್ನು ಒಂದು ಮಾತೂ ಕೇಳದೆ ಮೂರನೇ ನಟ್ಟಿಗೆ ಸ್ಪ್ಯಾನರ್ ಹಚ್ಚಿ ತಿರುಗಿಸಿಬಿಟ್ಟಿತು. ಕಾದ ಸೈಲೆನ್ಸರ್ ಪೈಪಿನ ಮೇಲೆ ಪೆಟ್ರೋಲ್ ಚಿಮ್ಮಿತು.

ಭಗ್ ಅಂತು ಮಾರಣ್ಣ. ನನಗೂ ಆ ಮಗುವಿಗೂ ನಡುವೆ ಬೆಂಕಿ ಎದ್ದು ನಿಂತಿತು. “ಇಳಿಯೇ! ಇಳಿಯವ್ವಾ!” ಅಂತ ಕಿರುಚಿದೆ. ಬಾಗಿಲು ಕಚ್ಚಿಕೊಂಡಿತ್ತು, ತೆರೆಯಲಿಲ್ಲ. ಅವಳು ಬಾಗಿಲ ಮೇಲಿಂದಲೇ ಹಾರಿದಳು. ನಾನು ಕೈ ಚಾಚಿ ಕೀ ತಿರುಗಿಸಿ, ಮರಳಿನ ಬಕೆಟ್ ಪೂರ್ತಿ ಸುರಿದು, ಒದ್ದೆ ಗೋಣಿಚೀಲ ಹೊದಿಸಿದೆ. ಬೆಂಕಿ ಆರಿತು. ಕಾರಿನ ಬಣ್ಣ ಒಂದು ಅಂಗೈ ಅಗಲ ಸುಟ್ಟಿದೆ, ನನ್ನ ಎಡಗೈಗೆ ಬೊಬ್ಬೆ ಬಂದಿದೆ. ಅವಳಿಗೆ ಮುಂಗೈ ಮೇಲಿನ ಕೂದಲು ಮಾತ್ರ ಸೀದಿತ್ತು. ಕೈ ಮೂಸಿಕೊಂಡು, “ಥೂ, ಹೆಂಗೆ ನಾರ್ತೈತೆ ನೋಡ್ರಿ,” ಎಂದು ನನ್ನ ಮುಖದ ಹತ್ತಿರ ಹಿಡಿದಳು.

ನನಗೆ ಏನೂ ನಾರಲಿಲ್ಲ.

ನನಗೆ ಮೂಗಿಲ್ಲ ಮಾರಣ್ಣ. ಆ ಕೊರೊನಾ ಜ್ವರದಲ್ಲಿ ಹೋದದ್ದು ವಾಪಸ್ ಬರಲೇ ಇಲ್ಲ, ಮುಂದಿನ ತಿಂಗಳಿಗೆ ನಾಲ್ಕು ವರ್ಷ. ಯಾರಿಗೂ ಹೇಳಿಲ್ಲ, ನಿನಗೂ ಹೇಳಿಲ್ಲ. ಮೇಲೆ ಬರೆದೆನಲ್ಲ ಇಂಗಿನ ಘಮ ಅಂತ, ಅದೂ ಸುಳ್ಳು. ಅತ್ತಿಗೆ ಬೇಸರ ಮಾಡಿಕೊಳ್ಳದಿರಲಿ, ಉಪ್ಪು ಖಾರ ಗೊತ್ತಾಗುತ್ತದೆ, ಅಷ್ಟೇ. ಪಿ.ಬಿ. ರಸ್ತೆಯಲ್ಲಿ ನಮ್ಮ ಹೆಸರು ನಿಂತದ್ದೇ ನಿನ್ನ ಕಿವಿ, ನನ್ನ ಮೂಗಿನ ಮೇಲೆ. ಡೀಸೆಲ್‌ನಲ್ಲಿ ಸೀಮೆಎಣ್ಣೆ ಬೆರೆಸಿದ್ದರೆ ಮೂಸಿ ಹೇಳುತ್ತಿದ್ದೆ. ಈಗಲೂ ಡ್ರೈವರುಗಳು ಬಾಟಲಿ ತಂದು ಹಿಡಿಯುತ್ತಾರೆ. ನಾನು ಕಣ್ಣು ಮುಚ್ಚಿ, ತಲೆದೂಗಿ, ಬಾಯಿಗೆ ಬಂದದ್ದು ಹೇಳಿ ಕಳಿಸುತ್ತೇನೆ. ನಾಚಿಕೆಗೇಡು.

ಕೀರ್ತನಾ ಬಂದಾಗಲೇ ಎಲ್ಲೋ ಪೆಟ್ರೋಲ್ ಜಿನುಗುತ್ತಿತ್ತು. ಅವಳು ಬಾಯಿಬಿಟ್ಟು ಹೇಳಿದಳು. ನನ್ನ ಮೂಗು ಸತ್ತಿರುವುದು ತಿಳಿಯಬಾರದೆಂದು ನಾನು ತಮಾಷೆ ಮಾಡಿ ಮುಚ್ಚಿದೆ. ಅವಳು, “ಅಪ್ಪಂಗೆ ಹೇಳ್ಬ್ಯಾಡ್ರಿ ಅಂಕಲ್, ಆಮೇಲೆ ಗಾಡಿ ಮುಟ್ಟಾಕೂ ಬಿಡಂಗಿಲ್ಲ,” ಎಂದಳು. ಆಗಲವ್ವ ಅಂದೆ. ಎಂಥ ಹೇಡಿ ನಾನು!

ಸುಟ್ಟ ಬಣ್ಣ ತಿದ್ದಿಸಿದೆ. ಪೈಪು ಹೊಸದು ಹಾಕಿದೆ, ಕೆಟ್ಟ ನಾಝಲ್ ಸಿಕ್ಕಿತು, ಬದಲಿಸಿದೆ. ಎಂಜಿನ್ ಈಗ ಸೊಗಸಾಗಿ ಓಡುತ್ತದೆ. ಆದರೆ ಮೊದಲಿನ ಆ ಜಿನುಗು ಎಲ್ಲಿತ್ತು, ನಿಂತಿದೆಯೋ ಇಲ್ಲವೋ, ನನಗೆ ಗೊತ್ತಿಲ್ಲ. ಡೀಸೆಲ್ ಆದರೆ ಒದ್ದೆ ಕಲೆ ಬಿಡುತ್ತದೆ, ಧೂಳು ಅಂಟಿ ಜಾಗ ತೋರಿಸುತ್ತದೆ. ಈ ಬಿಸಿಲಿನಲ್ಲಿ ಪೆಟ್ರೋಲ್ ಜಿನುಗುತ್ತಲೇ ಒಣಗಿಹೋಗುತ್ತದೆ. ಅದಕ್ಕೆ ಮೂಗೊಂದೇ ಸಾಕ್ಷಿ. ಮೂರು ದಿನದಿಂದ ಬಾನೆಟ್ ಎತ್ತಿ ಒಂದೊಂದು ಜಾಯಿಂಟಿಗೂ ಬಿಳಿ ಕಾಗದ ಒತ್ತಿ ನೋಡುತ್ತಿದ್ದೇನೆ. ಒಣಗಿದ ಹಾಗೇ ಕಾಣುತ್ತದೆ. ಸೋಮವಾರವೂ ಹಾಗೇ ಕಂಡಿತ್ತು. ಯಾರನ್ನಾದರೂ ಕರೆದು ಮೂಸಿ ನೋಡು ಅನ್ನಬಹುದು. ಯಾಕೆ, ನಿಮಗೆ ಬರಲ್ಲವೆ ಅಂತ ಕೇಳುತ್ತಾರಲ್ಲ.

ಶನಿವಾರ ಸಂಜೆ ಡಾಕ್ಟರು ಗಾಡಿ ತೆಗೆದುಕೊಂಡು ಹೋಗುತ್ತಾರೆ. ಭಾನುವಾರ ಅಪ್ಪ ಮಗಳು ಇಬ್ಬರೇ ಹರಿಹರದ ಹೊಳೆ ಸೇತುವೆವರೆಗೆ ಹೋಗಿಬರುತ್ತಾರಂತೆ. ಓಡಿಸುವವಳು ಅವಳು. ಕಣ್ಣು ಮುಚ್ಚಿದರೆ ಆ ತೆರೆಯದ ಬಾಗಿಲೇ ಕಾಣುತ್ತದೆ.

ಈ ಕಾಗದದ ಜೊತೆ ಬಟ್ಟೆಯಲ್ಲಿ ಸುತ್ತಿದ ಒಂದು ಪೊಟ್ಟಣ ಇದೆ. ಅದು ಆ ಕಾರಿನ ಡಿಸ್ಟ್ರಿಬ್ಯೂಟರಿನ ರೋಟರ್. ಅದಿಲ್ಲದೆ ಪ್ಲಗ್ಗಿಗೆ ಕಿಡಿ ಹೋಗದು, ಗಾಡಿ ಸ್ಟಾರ್ಟ್ ಆಗದು. ಇದರ ಜೋಡಿ ಈ ಊರಿನಲ್ಲಿ ಎಲ್ಲೂ ಸಿಗುವುದಿಲ್ಲ. ನನ್ನ ಜೇಬಿನಲ್ಲೇ ಇಟ್ಟುಕೊಳ್ಳಬಹುದಿತ್ತು. ಆದರೆ ಶನಿವಾರ ಡಾಕ್ಟರು ನಗುನಗುತ್ತ ಬಂದು “ಆತೇನ್ರಿ ಸಾಬ್ರೆ?” ಎಂದರೆ ನಾನು ಅದನ್ನು ತೆಗೆದು ಹಾಕಿ ಕೊಟ್ಟುಬಿಡುತ್ತೇನೆ. ನನ್ನನ್ನು ನಾನು ಬಲ್ಲೆ. ಅದಕ್ಕೇ ಹರಿಹರದ ಬಸ್ಸಿನ ಕಂಡಕ್ಟರ್ ತಾರಿಕ್ ಕೈಯಲ್ಲಿ ನಾಳೆ ಬೆಳಿಗ್ಗೆ ಕಳಿಸುತ್ತಿದ್ದೇನೆ. ನೀನು ಬರುವವರೆಗೆ ಆ ಗಾಡಿ ಇಲ್ಲಿಂದ ಅಲ್ಲಾಡದು.

ಶನಿವಾರ ಮಧ್ಯಾಹ್ನದೊಳಗೆ ರೋಟರ್ ತೆಗೆದುಕೊಂಡು ಬಾ. ಒಂದೊಂದು ಜಾಯಿಂಟ್ ಮೂಸಿ ನೋಡು, ಎಂಜಿನ್ ಸದ್ದು ನಾನು ಕೇಳಿ ಹೇಳುತ್ತೇನೆ. ಆಮೇಲೆ ಡಾಕ್ಟರ ಮುಂದೆ, ಆ ಹುಡುಗಿಯ ಮುಂದೆ ಎಲ್ಲ ಹೇಳುತ್ತೇನೆ. ನೀನು ಸುಮ್ಮನೆ ನನ್ನ ಪಕ್ಕದಲ್ಲಿ ನಿಂತುಕೊ, ಸಾಕು. ಒಬ್ಬನೇ ಹೇಳುವ ಧೈರ್ಯ ನನಗಿಲ್ಲ.

ಅತ್ತಿಗೆಗೆ ಸಲಾಂ, ಮಕ್ಕಳಿಗೆ ದುವಾ. ನಿನ್ನ ಮನೆಯ ಮೇಲೆ ಯಾವ ಬೆಂಕಿಯ ನೆರಳೂ ಬೀಳದಿರಲಿ.

ನಿನ್ನ
ಹುಸೇನ್ ಸಾಬ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗಿರಲಿಲ್ಲ. ನನ್ನ ಮನೆಯಾಕೆ ದಿಲ್ಷಾದ್ ತೀರಿಹೋದದ್ದೂ ಅದೇ ಜ್ವರದಲ್ಲಿ. ನಾವಿಬ್ಬರೂ ಒಟ್ಟಿಗೇ ಜ್ವರ ಬಂದು ಮಲಗಿದೆವು ಅಂತ ನಿನಗೆ ಹೇಳಿದ್ದೆ. ಅಲ್ಲ. ಅವಳಿಗೆ ಜ್ವರ ಬರುವ ನಾಲ್ಕು ದಿನ ಮೊದಲೇ ನನ್ನ ಮೂಗು ಹೋಗಿತ್ತು. ಅವಳು ಒಳಗಿನಿಂದ “ಅನ್ನ ಸೀದೋಗ್ತೈತೆ, ವಾಸ್ನೆ ಬರಂಗಿಲ್ವೇನ್ರಿ?” ಅಂತ ಕೂಗಿದಳು. ಆಗಲೇ ನನಗೆ ತಿಳಿಯಿತು ಏನಾಗಿದೆ ಎಂದು. ಹೇಳಿದರೆ ಎಳೆದುಕೊಂಡು ಹೋಗಿ ಎಲ್ಲಿ ಒಬ್ಬನನ್ನೇ ಹಾಕುತ್ತಾರೋ ಎಂದು ಹೆದರಿ, “ಬಂತು ಬಂತು” ಅಂದು ಒಲೆ ಆರಿಸಿದೆ. ಆ ನಾಲ್ಕು ದಿನವೂ ಅವಳ ಜೊತೆ ಒಂದೇ ತಟ್ಟೆಯಲ್ಲಿ ಉಂಡೆ.

ಶನಿವಾರ ಅತ್ತಿಗೆಯನ್ನೂ ಕರೆದುಕೊಂಡು ಬಾ. ದಿಲ್ಷಾದ್ ಕೊನೆಗೆ ಹೊದ್ದ ದುಪಟ್ಟಾ ಟ್ರಂಕಿನಲ್ಲಿದೆ. ತೆಗೆದಾಗಲೆಲ್ಲ ಇರುವ ವಾಸನೆಯೂ ಹಾರಿಹೋದೀತೆಂದು ಅದನ್ನು ಮುಟ್ಟುವುದನ್ನೇ ಬಿಟ್ಟಿದ್ದೇನೆ. ಲೋಬಾನದ ಹೊಗೆಗೆ ಅವಳು ಕೂದಲು ಹಿಡಿಯುತ್ತಿದ್ದುದು ಅತ್ತಿಗೆಗೆ ನೆನಪಿರುತ್ತದೆ. ಒಮ್ಮೆ ಮೂಸಿ, ಅವಳಿನ್ನೂ ಅದರಲ್ಲಿದ್ದಾಳೋ ಇಲ್ಲವೋ ಹೇಳಲಿ. ಇಲ್ಲದಿದ್ದರೆ ಇಲ್ಲ ಅಂತಲೇ ಹೇಳಬೇಕು. ನನ್ನ ಹಾಗೆ “ಬಂತು ಬಂತು” ಅನ್ನುವುದು ಬೇಡ.