ತುರುಬಿಲ್ಲದ ತಲೆಯ ಅಳತೆ

ಹಳದೀಪುರ
೧೭ ಫೆಬ್ರವರಿ ೧೯೬೩

ಪ್ರೀತಿಯ ಗಣಪಿ,

ನಿನ್ನ ಮೇಲಿನ ಸಿಟ್ಟು ಇಳಿಯದೆಯೇ ಈ ಕಾಗದ ಶುರು ಮಾಡಿದ್ದೇನೆ. ಕಾಯ್ಕಿಣಿಯಲ್ಲಿ ನಿನ್ನ ಗಂಡನ ಮನೆಯವರೆಲ್ಲ ಆರಾಮ ಇದ್ದಾರೆಂದೂ, ಗಡಿಯಿಂದ ನಿನ್ನ ಯಜಮಾನರ, ನಮ್ಮ ದೇವಪ್ಪ ಭಾವನ, ಪತ್ರ ಬಂತೆಂದೂ ನಿನ್ನ ಅಣ್ಣ ಹೇಳಿದ. ಸಿಟ್ಟಿದ್ದರೂ ಕೇಳಿ ಜೀವಕ್ಕೆ ಸಮಾಧಾನವಾಯಿತು.

ಚೀನಾದ ಯುದ್ಧ ಶುರುವಾದಾಗ ನೀನು ಇಲ್ಲಿ ತವರಿನಲ್ಲೇ ಇದ್ದೆ. ಕುಮಟೆಯ ವಾಚನಾಲಯದಿಂದ ತಂದ ಪುಸ್ತಿಕೆಗಳನ್ನು ನಮ್ಮ ಜಗಲಿಯಲ್ಲಿ ನಾನು ಗಟ್ಟಿಯಾಗಿ ಓದುತ್ತಿದ್ದೆ. ಹೆಂಗಸರ ಕೈ ಬಾಗಿಲ ತೋರಣಕ್ಕೆ ಮಾತ್ರ ಇರುವುದಲ್ಲ, ಜವಾನರಿಗೆ ಉಣ್ಣೆಯ ಟೋಪಿ ಹೆಣೆಯೋಣ ಎಂದೆ. ನೀನು ನಕ್ಕು, "ನೀ ಭಾಷಣ ಮಾಡು ಮಾರಾಯ್ತಿ, ಟೋಪಿ ನಾವು ಹೆಣೀತೇವೆ. ಭಾಷಣಕ್ಕೆಲ್ಲ ಚಳಿ ಹೋಗೂದಿಲ್ಲ" ಅಂದಿದ್ದೆ. ಎಲ್ಲರಿಗಿಂತ ಮೊದಲು ಕ್ರೋಶಾ ಕಡ್ಡಿ ಹಿಡಿದವಳೂ ನೀನೇ.

ಆದರೆ ನಮ್ಮ ಕೈಗೆ ಗೊತ್ತಿದ್ದದ್ದು ಮೇಜಿನ ಮೇಲೆ ಹಾಸುವ ದುಂಡು ವಸ್ತ್ರ ಮಾತ್ರ. ಟೋಪಿಯನ್ನೂ ಹಾಗೆಯೇ ನಡುನೆತ್ತಿಯ ಸಣ್ಣ ಬಳೆಯಿಂದ ಶುರು ಮಾಡಿ ಸುತ್ತುಸುತ್ತಿಗೂ ಹೊಲಿಗೆ ಹೆಚ್ಚಿಸುತ್ತ ಹೋದೆವು. ಎಲ್ಲಿ ನಿಲ್ಲಿಸಬೇಕೆಂದು ಯಾರಿಗೂ ತಿಳಿಯಲಿಲ್ಲ. ನನ್ನದು ಅಂಚೆಲ್ಲ ಸೊಟ್ಟಾಗಿ ಸುಟ್ಟ ಹಪ್ಪಳದಂತೆ ಆಯಿತು. ಬೇಗ ನಿಲ್ಲಿಸಿದವರದು ನೆತ್ತಿಯಲ್ಲಿ ಚೂಪಾಯಿತು. ಕೊನೆಗೆ ಒಬ್ಬರ ತಲೆಗೆ ಒಬ್ಬರು ಇಟ್ಟು ನೋಡುತ್ತ ಹೆಣೆದೆವು. ಆಗ ಇನ್ನೊಂದು ಎಡವಟ್ಟು. ನಮ್ಮೆಲ್ಲರಿಗೂ ತುರುಬು. ತುರುಬಿನ ಮೇಲೆ ಅಳೆದ ಟೋಪಿ ಹಿಂದುಗಡೆ ಚೀಲದಂತೆ ಜೋತು ಬಿತ್ತು. ಗಂಡಸರನ್ನು ಕೂರಿಸಿ ತಲೆ ಮುಟ್ಟಿ ಅಳೆಯುವ ಧೈರ್ಯ ನಮ್ಮಲ್ಲಿ ಯಾರಿಗಿತ್ತು? ನನಗೂ ಇರಲಿಲ್ಲ.

ಆಗ ಒಳಬಾಗಿಲ ಹಿಂದಿನಿಂದ ನಮ್ಮ ಸಣ್ಣಮ್ಮತ್ತೆ ಹೇಳಿದ ಮಾತು ನಿನಗೂ ಮರೆತಿರಲಾರದು. "ಇಲ್ಲಿ ಒಂದು ತಲೆ ಇದ್ದಲೆ. ತುರುಬಿಲ್ಲೆ, ಹೇನಿಲ್ಲೆ. ಬನ್ನಿ, ಅಳೀರಿ."

ಅಪ್ಪಯ್ಯನ ಈ ಅಕ್ಕನಿಗೆ ಹದಿನಾಲ್ಕಕ್ಕೇ ಗಂಡ ಸತ್ತ. ಅಂದಿನಿಂದ ಕೆಂಪು ಸೀರೆ, ಬೋಳು ತಲೆ. ಕ್ಷೌರದವನ ಕೈಯಲ್ಲದೆ ಇನ್ನೊಬ್ಬರ ಕೈ ಆ ತಲೆಗೆ ತಾಗಿದ್ದೇ ಇಲ್ಲ. ಅಂಥವಳು ಸೆರಗು ಸರಿಸಿ ನಮ್ಮ ನಡುವೆ ಬಂದು ಕೂತಳು. ನೀವೆಲ್ಲ ಒಬ್ಬೊಬ್ಬರಾಗಿ ಟೋಪಿ ಇಟ್ಟು, ಕಿವಿಯ ಹತ್ತಿರ ಬೆರಳು ತೂರಿಸಿ ಬಿಗಿ ನೋಡಿದಿರಿ. "ಇಲ್ಲಿ ಒತ್ತಿತು, ಒಂದು ಸುತ್ತು ಬಿಚ್ಚು", "ಇನ್ನು ಹೆಚ್ಚಿಸೂದು ಸಾಕು, ಹಂಗೇ ಕೆಳಗೆ ಇಳಿಸು" ಎಂದು ಅವಳೇ ಹೇಳಿಕೊಟ್ಟಳು. ಟೋಪಿಗಳು ಬಟ್ಟಲು ಕವುಚಿದ ಹಾಗೆ ಕೂತವು. ಆ ದಿನಗಳಲ್ಲಿ ಅವಳು ನಕ್ಕಷ್ಟು ನನ್ನ ಆಯುಷ್ಯದಲ್ಲಿ ನಕ್ಕಿದ್ದನ್ನು ಕಾಣೆ.

ಕೂದಲು ಬಿಡು ಎಂದು ನಾನು ಎಷ್ಟು ವರ್ಷದಿಂದ ಅವಳ ಜೊತೆ ಜಗಳವಾಡಿದ್ದೇನೆ! ಪುಸ್ತಿಕೆ ಓದಿ ಹೇಳಿದೆ, ಊಟ ಬಿಟ್ಟೆ, ಅಪ್ಪಯ್ಯನ ಕೈಯಲ್ಲಿ ಹೊಡೆತವನ್ನೂ ತಿಂದೆ. ಅವಳು ಬಗ್ಗಲಿಲ್ಲ. ಆದರೆ ಗಡಿಗೆ ಕಳಿಸುವ ಟೋಪಿಗಳ ಗಂಟು ಹೊನ್ನಾವರಕ್ಕೆ ಹೋದ ದಿನ ತಾನಾಗಿಯೇ, "ದೇವಪ್ಪ ಟೋಪಿ ಸಮ ಆತು ಹೇಳಿ ಒಂದು ಅಕ್ಷರ ಬರೆಯಲಿ. ಮತ್ತೆ ಆನೇ ಕ್ಷೌರದವಂಗೆ ಬಪ್ಪದು ಬ್ಯಾಡ ಹೇಳ್ತಿ" ಅಂದಳು. ಅಂದಿನಿಂದ ಪೋಸ್ಟಿನವನ ದಾರಿ ಕಾಯುತ್ತಿದ್ದಾಳೆ.

ಅವಳಿಗೆ ತಿಳಿಯದ್ದು ನಿನಗೂ ನನಗೂ ಗೊತ್ತು. ಗಂಟು ಕಟ್ಟುವಾಗ ನೀನು ನನ್ನನ್ನು ಬಾವಿಕಟ್ಟೆಗೆ ಕರೆದೆ. "ಬೇಜಾರ ಮಾಡ್ಕಬೇಡ ಮಾದೇವಿ. ಸಣ್ಣಮ್ಮನವರು ದೇವರಂತವರು. ಆದ್ರೂ ಅವರ ತಲೆಗೆ ಕೂರಿಸಿದ್ದು ನಮ್ಮನೆಯವರ ತಲೆಗೆ ಬೇಡ. ನಂಗೆ ಹೆದ್ರಿಕೆ" ಅಂದೆ. ನಿನ್ನ ಮಾತು ಕೇಳಿ ಉಳಿದವರೂ ತಮ್ಮ ತಮ್ಮದು ತೆಗೆದಿಟ್ಟರು. ಸರಿಯಾಗಿ ಕೂತ ಟೋಪಿಗಳೆಲ್ಲ ಬುಟ್ಟಿಯಲ್ಲಿ ನಮ್ಮ ಅಟ್ಟ ಸೇರಿದವು. ಹಿಮದಲ್ಲಿ ನಿಂತವರಿಗೆ ಹೋದದ್ದು ತುರುಬಿನ ಮೇಲೆ ಅಳೆದ ಆ ಜೋಲು ಚೀಲಗಳು. ಮುತ್ತೈದೆಯರ ತಲೆಗೆ ತಾಗಿದ್ದು ಎಂಬ ಒಂದೇ ಗುಣಕ್ಕೆ! ಗಾಳಿ ಒಳಗೆ ನುಗ್ಗಿ ಕಿವಿ ಮರಗಟ್ಟುವಾಗ ಆ ಗುಣ ಏನು ಮಾಡೀತು ಗಣಪಿ? ನೀನೇ ಹೇಳು.

ಆ ಬುಟ್ಟಿಯನ್ನು ಅಟ್ಟಕ್ಕೆ ಹೊತ್ತವಳೂ ನಾನೇ. ನಿನ್ನ ಕಣ್ಣಿನ ಹೆದರಿಕೆಯ ಮುಂದೆ ನನ್ನ ಪುಸ್ತಿಕೆಗಳ ಒಂದು ವಾಕ್ಯವೂ ನೆನಪಾಗಲಿಲ್ಲ.

ಈಗ ನಿನ್ನಿಂದ ಒಂದು ಉಪಕಾರ ಬೇಕು. ಭಾವನಿಗೆಂದು ನೀನೇ ಹೆಣೆದ ಬೂದು ಟೋಪಿಯನ್ನು ಇದರ ಜೊತೆ ಕಳಿಸುತ್ತೇನೆ. ಅವನು ತೊಡಲಿ ಬಿಡಲಿ, ನಾನು ಕೇಳುವುದಿಲ್ಲ. ನೀನು ಮನೆಯಲ್ಲೇ ಇಟ್ಟುಕೊಂಡರೂ ಆದೀತು. ಟೋಪಿ ಸರಿಯಾಯಿತು ಎಂದು ಸಣ್ಣಮ್ಮತ್ತೆಗೆ ಒಂದು ಸಾಲು ಬರೆಯುವಂತೆ ಅವನಿಗೆ ತಿಳಿಸು. ಸುಳ್ಳಾದರೂ ಚಿಂತೆಯಿಲ್ಲ. ಸುಳ್ಳು ಹೇಳುವವರ ಮನೆಯಲ್ಲಿ ನೀರೂ ಕುಡಿಯಬಾರದೆಂದು ನಿಮಗೆಲ್ಲ ಉಪದೇಶ ಮಾಡಿದವಳು ಇದನ್ನು ಕೇಳುತ್ತಿದ್ದೇನೆ. ನಗಬೇಕೆನಿಸಿದರೆ ನಗು, ಆದರೆ ಬರೆಸು. ಆ ಒಂದು ಸಾಲು ಬಂದರೆ ಅವಳ ತಲೆಯಲ್ಲಿ ಕೂದಲು ಬೆಳೆಯುತ್ತದೆ.

ಎಷ್ಟು ಸಿಟ್ಟಿದ್ದರೂ ನಿನ್ನವಳೇ ಆದ
ಮಾದೇವಿ

ತಾ.ಕ.: ಮರುದಿನ ಬೆಳಿಗ್ಗೆ ಇದನ್ನು ಸೇರಿಸುತ್ತಿದ್ದೇನೆ. ಮೇಲೆ ಕೇಳಿದ ಸಾಲು ಇನ್ನು ಬೇಡ.

ನಿನ್ನೆ ಪೊಟ್ಟಣ ಕಟ್ಟಲೆಂದು ಟೋಪಿಯನ್ನು ಮಂಚದ ಮೇಲೆ ಇಟ್ಟಿದ್ದೆ. ಸಣ್ಣಮ್ಮತ್ತೆ ಕಂಡಳು. "ಇದು ದೇವಪ್ಪಂದಲ್ದ? ಇಲ್ಲೇ ಎಂತಕ್ಕೆ ಇದ್ದು?" ಎಂದು ಕೇಳಿದಳು. ಭಾವನಿಂದ ಬರೆಸಬೇಕೆಂದಿದ್ದ ಸುಳ್ಳು ನನ್ನ ಬಾಯಿಂದ ಹೊರಡಲಿಲ್ಲ. ಎಲ್ಲವನ್ನೂ ಹೇಳಿದೆ. ನಿನಗೆ ಬೈಯುತ್ತಾಳೆ, ಅಳುತ್ತಾಳೆ ಅಂದುಕೊಂಡೆ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅವಳು, "ಗಣಪಿ ಮಾಡಿದ್ದು ಸಮ ಇದ್ದು. ಯನ್ನ ಗಂಡ ದಂಡಿಗೆ ಹೋಗಿದ್ರೆ ಆನೂ ಹಂಗೇ ಮಾಡ್ತಿದ್ದಿ. ದೇವಪ್ಪನ ಹತ್ರ ಸುಳ್ಳು ಬರೆಸೂದು ಬ್ಯಾಡ ಕೂಸೆ" ಅಂದಳು. ಕ್ಷೌರದವನು ಎಂದಿನಂತೆ ಬರುತ್ತಾನೆ.

ಟೋಪಿಯನ್ನು ಅವಳೇ ಬಿಚ್ಚಿದಳು. ಆಮೇಲೆ ಉಣ್ಣೆಯನ್ನು ನನ್ನ ಕೈಯಿಂದ ತೊಳೆಸಿ, ಒಣಗಿಸಿ, ಉಂಡೆ ಸುತ್ತಿಸಿದಳು. ತನ್ನ ನೆರಳೂ ತಾಗದಷ್ಟು ದೂರ ನಿಂತಿದ್ದಳು. ಉಂಡೆ ಈ ಪೊಟ್ಟಣದಲ್ಲಿದೆ. ನಿನಗೆ ಹೇಳಲು ಹೇಳಿದ್ದಾಳೆ: "ಆನು ಮತ್ತೆ ಮುಟ್ಟಿದ್ದಿಲ್ಲೆ. ಇನ್ನು ಹೆದ್ರದ್ದೆ ಹೆಣೆಯಲಿ."