ಕೊನೆಯ ಗಂಟೆ

ಮೇ ೧೦, ಸೋಮವಾರ

ಮೂವತ್ತು ವರ್ಷದಿಂದ ಈ ಕಾಲೇಜಿನ ಗಂಟೆ ಹೊಡೆಯುತ್ತಿದ್ದೇನೆ. ಇವತ್ತು ಅದೇ ಗಂಟೆ ನನ್ನ ಮಾನ ಕಳೆಯಿತು.

ಈ ಸಲ ನಮ್ಮ ಕಾಲೇಜೇ ಮತಗಟ್ಟೆ. ‘ಸೋಂಕಿತರು ಕೊನೆಯ ಗಂಟೆಯಲ್ಲಿ ಮತ ಹಾಕಬಹುದು’ ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಹಾಸ್ಟೆಲಿನಲ್ಲಿ ಸೋಂಕು ತಗಲಿ ಒಂಟಿ ಕೋಣೆಯಲ್ಲಿರುವವಳು ಒಬ್ಬಳೇ, ಕಾಲೇಜಿನ ಸುದ್ದಿಪತ್ರಿಕೆ ನಡೆಸುವ ಬಾಯಿಬಡುಕಿ. ಅವಳಿಗಿದು ಮೊದಲ ಮತ. ಬೆಳಿಗ್ಗೆ ಅವಳ ಕಿಟಕಿಯಾಚೆ ನಿಂತು ನಾನೇ ಹೇಳಿದ್ದೆ, “ಕೊನೆ ಗಂಟೆ ಹೊಡೆದಾಗ ಬಾರಮ್ಮ.”

ಗಂಟೆ ಎಂದರೆ ನನಗೆ ಹೊಡೆಯುವ ಗಂಟೆ ತಾನೆ? ಆರಕ್ಕೆ, ಮತದಾನ ಮುಗಿಯಿತೆಂದು, ಕೊನೆಯದನ್ನು ನಾನೇ ಹೊಡೆಯಬೇಕಿತ್ತು.

ಐದೂವರೆಗೆ ಮತಗಟ್ಟೆಯ ಮೇಡಂ ಕೇಳಿದರು, “ಆ ಹುಡುಗಿ ಎಲ್ರೀ? ಐದರಿಂದ ಆರು, ಇದೇ ಕೊನೆ ಗಂಟೆ.”

ಮಂಡಿನೋವು ಮರೆತು ಹಾಸ್ಟೆಲಿಗೆ ಓಡಿದೆ. ಅವಳು ಮಾಸ್ಕು, ಕೈಗವಸು ಹಾಕಿಕೊಂಡು ಮಂಚದ ಅಂಚಿನಲ್ಲಿ ಕೂತಿದ್ದಳು.

“ಇನ್ನೂ ಗಂಟೆ ಹೊಡೆದಿಲ್ವಲ್ಲ ತಾತ?”

“ಗಂಟೆ ಮನೆ ಹಾಳಾಗ! ಏಳೇ ಮೇಲೆ!”

ಜ್ವರದಲ್ಲಿ ಗೋಡೆ ಹಿಡಿದು ಹಿಡಿದು ನಡೆದಳು. ಆರಕ್ಕೆ ಹತ್ತು ನಿಮಿಷ ಇರುವಾಗ ಮತ ಹಾಕಿದಳು. ಹೊರಗೆ ಬಂದು, ದೂರ ನಿಂತು, ಮಾಸ್ಕಿನೊಳಗೇ ನಕ್ಕಳು.

“ಇದನ್ನ ಪತ್ರಿಕೇಲಿ ಹಾಕ್ತೀನಿ.”

“ನನ್ನ ಹೆಸರು ಬಂದ್ರೆ ಕಾಲು ಮುರೀತೀನಿ.”

“ಹೆಸರು ಬೇಡ ಬಿಡಿ, ಪೆದ್ದುತನ ಮಾತ್ರ ಹಾಕ್ತೀನಿ.”

ಬರೆಯಲಿ, ಕತ್ತೆ. ಎದ್ದು ಕೂತು ನಾಲ್ಕು ಸಾಲು ಬರೆಯುವಷ್ಟು ತ್ರಾಣ ಬಂದರೆ ಸಾಕು.